ಬೆಂಗಳೂರಲ್ಲೂ ಬೆಳಿಗ್ಗೆ ತೇವಾಂಶ ಶೇ 75, ದೋಹಾದಲ್ಲೂ ಹೆಚ್ಚುಕಮ್ಮಿ ಅಷ್ಟೇ. ಮತ್ತೆ ಅಲ್ಲಿ 28 ಮಂದಿ ಓಟ ಬಿಟ್ಟಿದ್ದೇಕೆ?

ತಿಂಡಿಗ್ಮುಂಚೆ ಹತ್ತು ಕಿಮೀ ಕೇಳಿದ್ದು:

2019ರ ದೋಹಾ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ ಮಹಿಳಾ ಮ್ಯಾರಥಾನ್ ಫಲಿತಾಂಶದ ಪಟ್ಟಿ ನೋಡ್ತಿದ್ದೆ. ಸೆಪ್ಟೆಂಬರ್ 27ರ ರಾತ್ರಿ 11:59ಕ್ಕೆ ಶುರು. ಹೊರಟವರು 68, ಮುಗಿಸಿದವರು 40. ಗೆದ್ದ ಕೀನ್ಯಾದ ರೂತ್ ಚೆಪ್‌ನ್‌ಗೆಟಿಚ್ ಸಮಯ 2:32:43. ಅದೇ ವರ್ಷ ಜನವರಿಯಲ್ಲಿ ದುಬೈನಲ್ಲಿ ಇದೇ ಓಟಗಾರ್ತಿ 2:17:08 ಓಡಿದ್ದರು. ಇಥಿಯೋಪಿಯಾದ ಮೂವರಲ್ಲಿ ಒಬ್ಬರೂ ಗುರಿ ಮುಟ್ಟಲಿಲ್ಲ.

ನನಗೆ ಅರ್ಥವಾಗದ್ದು ಇದು. ಮಧ್ಯರಾತ್ರಿ, ಬಿಸಿಲೇ ಇಲ್ಲ. ವರದಿಗಳ ಪ್ರಕಾರ ಸುಮಾರು 32 ಡಿಗ್ರಿ, ತೇವಾಂಶ ಶೇ 73. ಏಪ್ರಿಲ್‌ನಲ್ಲಿ ಬೆಳಿಗ್ಗೆ ಐದೂವರೆಗೆ ಕಬ್ಬನ್ ಪಾರ್ಕ್‌ನಲ್ಲಿ ನಿಂತು ಆಪ್ ತೆರೆದರೆ ಇಲ್ಲೂ ಶೇ 75 ತೋರಿಸುತ್ತೆ. ಹತ್ತು ಡಿಗ್ರಿ ವ್ಯತ್ಯಾಸ ಇದೆ, ಸರಿ. ಆದರೆ ವಿಶ್ವಮಟ್ಟದವರಿಗೆ ಅಷ್ಟರಿಂದಲೇ ಹದಿನೈದು ನಿಮಿಷ ಹೋಗುತ್ತಾ?

ಜೊತೆಗೆ ಇನ್ನೆರಡು. ಇಂಥ ಓಟದಲ್ಲಿ ಆಯಾ ದೇಶದ ಬಾಟಲ್‌ಗಳ ವ್ಯವಸ್ಥೆ ನಿಜಕ್ಕೂ ಹೇಗೆ ನಡೆಯುತ್ತೆ? ಮತ್ತೆ, ಬರೀ ಬೆಂಗಳೂರಲ್ಲೇ ತರಬೇತಿ ಪಡೆದ ಹುಡುಗಿ ಕೊಲ್ಲಿ ದೇಶದಲ್ಲೋ ಸಮುದ್ರದ ಪಕ್ಕದ ಊರಲ್ಲೋ ಓಡಬೇಕಾದರೆ ಏನು ಮಾಡಬೇಕು? ತಿಳಿದವರು ಲೆಕ್ಕದ ಸಮೇತ ಹೇಳಿ. "ನೀರು ಚೆನ್ನಾಗಿ ಕುಡೀಬೇಕು" ಅನ್ನೋ ಉತ್ತರ ಬೇಡ.

---

ಒಡೆದ ಸ್ಟಾಪ್‌ವಾಚ್ ಉತ್ತರ:

ಆಪ್ ತೋರಿಸೋ ಶೇಕಡಾವಾರು ಒಂದೇ ಇದ್ದರೂ ಗಾಳಿಯಲ್ಲಿರೋ ನೀರು ಒಂದೇ ಅಲ್ಲ. ಅದು ಸಾಪೇಕ್ಷ ತೇವಾಂಶ. ಆ ಉಷ್ಣತೆಯ ಗಾಳಿ ಎಷ್ಟು ಆವಿ ಹಿಡಿಯಬಲ್ಲದೋ ಅದರಲ್ಲಿ ಎಷ್ಟು ಪಾಲು ತುಂಬಿದೆ ಅನ್ನೋದಷ್ಟೇ ಅದರಿಂದ ಗೊತ್ತಾಗೋದು. ಕೊಳಗ ದೊಡ್ಡದಾದರೆ ಮುಕ್ಕಾಲು ಕೊಳಗವೂ ದೊಡ್ಡದೇ.

22 ಡಿಗ್ರಿ, ಶೇ 75 ಇರುವ ಕಬ್ಬನ್ ಪಾರ್ಕ್ ಗಾಳಿಯಲ್ಲಿ ಆವಿಯ ಒತ್ತಡ ಸುಮಾರು 2 ಕಿಲೋಪಾಸ್ಕಲ್. 32 ಡಿಗ್ರಿ, ಶೇ 73 ಇರುವ ದೋಹಾ ಗಾಳಿಯಲ್ಲಿ ಸುಮಾರು 3.5. ಬೆವರಿಂದ ಪೂರ್ತಿ ಒದ್ದೆಯಾದ, 35 ಡಿಗ್ರಿಯ ಚರ್ಮದ ಮೇಲೆ 5.6. ಬೆವರು ಆವಿಯಾಗೋದು ಈ ಅಂತರದ ಬಲದಿಂದ. ಬೆಂಗಳೂರಲ್ಲಿ ಅಂತರ 3.6, ದೋಹಾದಲ್ಲಿ 2.1. ಅಂದರೆ ಅದೇ ಚರ್ಮ, ಅದೇ ವೇಗ, ಅದೇ ಗಾಳಿಯಿದ್ದರೂ ಅಲ್ಲಿ ಆವಿಯಾಗುವ ಬೆವರು ಇಲ್ಲಿಯ ಶೇ 60ರಷ್ಟೇ. ಇನ್ನು ಗಾಳಿಗೆ ನೇರವಾಗಿ ಹೋಗುವ ಶಾಖ: ಇಲ್ಲಿ ಚರ್ಮಕ್ಕೂ ಗಾಳಿಗೂ 13 ಡಿಗ್ರಿ ವ್ಯತ್ಯಾಸ, ಅಲ್ಲಿ 3. ಅದು ಹೆಚ್ಚುಕಮ್ಮಿ ನಿಂತೇಹೋಯಿತು.

ಈಗ ಖರ್ಚಿನ ಕಡೆ ನೋಡಿ. ಓಟಕ್ಕೆ ಒಂದು ಕಿಲೋ ತೂಕಕ್ಕೆ, ಒಂದು ಕಿಮೀಗೆ ಸುಮಾರು 1 ಕಿಲೋಕ್ಯಾಲರಿ ಬೇಕು. 50 ಕಿಲೋದ ಓಟಗಾರ್ತಿ ಕಿಮೀಗೆ 3:25ರ ವೇಗದಲ್ಲಿ ಗಂಟೆಗೆ 17.5 ಕಿಮೀ ಓಡಿದರೆ ಗಂಟೆಗೆ ಸುಮಾರು 880 ಕಿಲೋಕ್ಯಾಲರಿ. ಅದರಲ್ಲಿ ಮುಕ್ಕಾಲಕ್ಕಿಂತ ಹೆಚ್ಚು ಬರೀ ಶಾಖ, ಸರಿಸುಮಾರು 800 ವಾಟ್. ಒಂದು ಇಸ್ತ್ರಿಪೆಟ್ಟಿಗೆ ಎರಡೂವರೆ ಗಂಟೆ ಮೈಯೊಳಗೆ ಉರೀತಾ ಇದ್ದ ಹಾಗೆ. ಅಷ್ಟನ್ನೂ ಬೆವರಿಂದಲೇ ತೆಗೀಬೇಕಾದರೆ ಗಂಟೆಗೆ 1.2 ಲೀಟರ್ ಆವಿಯಾಗಬೇಕು. ಸುರಿದರೆ ಸಾಲದು. ತೊಟ್ಟಿಕ್ಕಿ ರಸ್ತೆಗೆ ಬಿದ್ದ ಬೆವರು ಒಂದು ಡಿಗ್ರಿಯನ್ನೂ ಇಳಿಸಲ್ಲ, ಮೈಯಿಂದ ನೀರು ಕಳಕೊಂಡಿದ್ದು ಮಾತ್ರ ಲೆಕ್ಕಕ್ಕೆ ಸೇರುತ್ತೆ. ಆವಿ ಹೋಗಲು ದಾರಿ ಇಲ್ಲದಿದ್ದಾಗ ಉಳಿಯೋದು ಒಂದೇ ಉಪಾಯ, ಇಸ್ತ್ರಿಪೆಟ್ಟಿಗೆಯ ಉರಿ ತಗ್ಗಿಸೋದು. ಅಂದರೆ ವೇಗ ಇಳಿಸೋದು. ಚೆಪ್‌ನ್‌ಗೆಟಿಚ್ ಮಾಡಿದ್ದು ಅದನ್ನೇ: ದುಬೈನಲ್ಲಿ ಕಿಮೀಗೆ 3:15, ದೋಹಾದಲ್ಲಿ 3:37. ಶೇ 11 ನಿಧಾನ. ಗೆದ್ದವರಿಗೇ ಇಷ್ಟು.

ಮಧ್ಯರಾತ್ರಿ ಇಟ್ಟಿದ್ದರಿಂದ ಬಿಸಿಲು ತಪ್ಪಿತು, ಆವಿ ತಪ್ಪಲಿಲ್ಲ. ಓಟ ನಡೆದ ಕಾರ್ನಿಶ್ ರಸ್ತೆ ಸಮುದ್ರದ ಅಂಚಲ್ಲೇ ಇದೆ, ಸೆಪ್ಟೆಂಬರ್‌ನಲ್ಲಿ ಕೊಲ್ಲಿಯ ನೀರು ರಾತ್ರಿಯೂ ಬೆಚ್ಚಗಿರುತ್ತೆ. ಆಪ್‌ನಲ್ಲಿ ಶೇಕಡಾವಾರು ಬಿಟ್ಟು ಡ್ಯೂ ಪಾಯಿಂಟ್ ನೋಡೋ ಅಭ್ಯಾಸ ಮಾಡ್ಕೊಳ್ಳಿ. ಎಷ್ಟು ಡಿಗ್ರಿಗೆ ಇಳಿದರೆ ಈ ಗಾಳಿಯಲ್ಲಿ ಇಬ್ಬನಿ ಕಟ್ಟುತ್ತೆ ಅನ್ನೋ ಅಂಕಿ ಅದು. ನಿಮ್ಮ ಕಬ್ಬನ್ ಪಾರ್ಕ್‌ದು 17, ದೋಹಾದ್ದು 26ಕ್ಕಿಂತ ಮೇಲೆ. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟಿದ್ದರೆ ನಿಮ್ಮ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಸಂಘಟಕರು ನೋಡೋದು ಡಬ್ಲ್ಯುಬಿಜಿಟಿ ಅನ್ನೋ ಸೆಖೆಯ ಸೂಚ್ಯಂಕವನ್ನ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನ ಅಂಕಿಗೆ 0.7, ಬಿಸಿಲಲ್ಲಿಟ್ಟ ಕಪ್ಪು ಗೋಳದ ಅಂಕಿಗೆ 0.2, ನೆರಳಿನ ಉಷ್ಣತೆಗೆ 0.1 ತೂಕ. ಬಿಸಿಲಿನ ಪಾಲು ಐದರಲ್ಲಿ ಒಂದು, ಒದ್ದೆ ಬಟ್ಟೆಯದು ಹತ್ತರಲ್ಲಿ ಏಳು. ಓಟವನ್ನ ರಾತ್ರಿಗೆ ತಳ್ಳಿದರೆ ಎಷ್ಟು ಲಾಭ ಅಂತ ಸೂತ್ರವೇ ಹೇಳ್ತಿದೆ. ಮೇಲಿನ ಅಂಕಿಗಳನ್ನ ಹಾಕಿದರೆ ದೋಹಾ ರಾತ್ರಿಗೆ 29ರ ಆಸುಪಾಸು ಬರುತ್ತೆ, ನಮ್ಮ ಏಪ್ರಿಲ್ ಬೆಳಗಿಗೆ 20.

---

ಹಿಂದಿನ ಗುಂಪು ಉತ್ತರ:

ಸ್ಟಾಪ್‌ವಾಚ್ ಗುರು ಹೇಳಿದ್ದು ಸರಿ, ಆದರೆ ಹದಿನೈದು ನಿಮಿಷವನ್ನೂ ಸೆಖೆಯ ತಲೆಗೇ ಕಟ್ಟಬೇಡಿ. ಚಾಂಪಿಯನ್‌ಷಿಪ್‌ನಲ್ಲಿ ಪೇಸ್‌ಮೇಕರ್ ಇರಲ್ಲ. ಬರ್ಲಿನ್, ಷಿಕಾಗೋದಲ್ಲಿ ಹುಡುಗರು ಮುಂದೆ ಓಡಿ ಗಾಳಿ ತಡೆದು ವೇಗ ಹಿಡಿದುಕೊಡ್ತಾರೆ. ಇಲ್ಲಿ ಮುಂದೆ ಹೋದವಳಿಗೆ ಗಾಳಿ, ಹಿಂದಿದ್ದವಳಿಗೆ ಲಾಭ. ಸಮಯಕ್ಕೆ ಬೆಲೆ ಇಲ್ಲ, ಪದಕಕ್ಕೆ ಬೆಲೆ. ಹಾಗಾಗಿ ಯಾರೂ ಮೊದಲು ಹೋಗಲ್ಲ.

ಇಥಿಯೋಪಿಯಾದ ಓಟಗಾರ್ತಿ ಟಿಗ್ಸ್ಟ್ ಅಸೆಫಾ ಲೆಕ್ಕ ನೋಡಿ. 2023ರಲ್ಲಿ ಬರ್ಲಿನ್‌ನಲ್ಲಿ 2:11:53. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2:22:58, ಸಿಫಾನ್ ಹಸನ್‌ಗೆ 3 ಸೆಕೆಂಡಿಂದ ಸೋಲು. 2025ರ ಟೋಕಿಯೋ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2:24:45, ಪೆರೆಸ್ ಜೆಪ್‌ಚಿರ್‌ಚಿರ್‌ಗೆ 2 ಸೆಕೆಂಡಿಂದ ಸೋಲು. ಕೊನೇ ಇನ್ನೂರು ಮೀಟರ್‌ನಲ್ಲಿ ಯಾರ ಕಾಲಲ್ಲಿ ಟ್ರ್ಯಾಕ್ ಓಟದ ಚುರುಕು ಉಳಿದಿದೆಯೋ ಅವರದ್ದೇ ಚಿನ್ನ. ಹಸನ್ ಅದೇ ಪ್ಯಾರಿಸ್‌ನಲ್ಲಿ 5,000, 10,000 ಮೀಟರ್ ಎರಡರಲ್ಲೂ ಕಂಚು ಗೆದ್ದು ಬಂದವರು, ಮರೀಬೇಡಿ. ಆದರೆ ತಂಪಿನ ಬೆಳಿಗ್ಗೆ ಸಿಕ್ಕರೆ ಪೇಸ್‌ಮೇಕರ್ ಇಲ್ಲದೆಯೂ ಓಡ್ತಾರೆ: 2022ರ ಯೂಜೀನ್‌ನಲ್ಲಿ ಗೊಟಿಟೊಮ್ ಗೆಬ್ರೆಸ್ಲಾಸೆ 2:18:11, ಚಾಂಪಿಯನ್‌ಷಿಪ್ ದಾಖಲೆ.

ಇನ್ನೊಂದು, 28 ಮಂದಿ ಬಿಟ್ಟರು ಅಂದರೆ 28 ಮಂದಿ ಕುಸಿದು ಬಿದ್ದರು ಅಂತಲ್ಲ. ದೋಹಾದಲ್ಲಿ 7 ಕಿಮೀ ಸುತ್ತು. ಪ್ರತಿ ಸುತ್ತಲ್ಲೂ ತಂಡದವರ ಮುಂದೆ ಹಾದು ಹೋಗಬೇಕು. 20 ಕಿಮೀಗೆ ಪದಕ ಕೈತಪ್ಪಿದ್ದು ಗೊತ್ತಾದಾಗ, ಎದುರಿಗೇ ಐಸ್ ಟವೆಲ್ ಹಿಡಿದು ಕೋಚ್ ನಿಂತಿರುವಾಗ, ಉಳಿದ 22 ಕಿಮೀ ಯಾಕೆ ಸಾಯಬೇಕು? ಒಂದು ಮ್ಯಾರಥಾನ್ ಪೂರ್ತಿ ಓಡಿದರೆ ಮೈ ಸುಧಾರಿಸೋಕೆ ವಾರಗಟ್ಟಲೆ ಬೇಕು. ಅರ್ಧಕ್ಕೆ ನಿಂತರೆ ನವೆಂಬರ್‌ನಲ್ಲಿ ಹಣದ ಓಟ ಇನ್ನೊಂದು ಸಿಗುತ್ತೆ. ಇದು ಹೇಡಿತನ ಅಲ್ಲ, ಹೊಟ್ಟೆಪಾಡು.

---

ತಿಂಡಿಗ್ಮುಂಚೆ ಹತ್ತು ಕಿಮೀ:

ಕೊಳಗದ ಮಾತು ತಲೆಗೆ ಹೋಯ್ತು, ಧನ್ಯವಾದ. ಬಾಟಲ್ ವಿಷಯ ಯಾರಾದರೂ ಹೇಳ್ತೀರಾ? ಟಿವಿಯಲ್ಲಿ ಟೇಬಲ್ ಮೇಲೆ ಪುಟ್ಟ ಬಾವುಟ, ಬಾಟಲ್‌ಗೆ ಚಿತ್ರವಿಚಿತ್ರ ಹಿಡಿ ಕಾಣಿಸುತ್ತೆ.

---

ಬಾಟಲ್ ಬುಟ್ಟಿ ಉತ್ತರ:

ಆ ಚಿತ್ರವಿಚಿತ್ರ ಹಿಡಿಯಲ್ಲೇ ಅರ್ಧ ಓಟ ಇದೆ ಸ್ವಾಮಿ.

ಮೊದಲು ನಿಯಮ. ಮ್ಯಾರಥಾನ್‌ನಲ್ಲಿ ಸುಮಾರು 5 ಕಿಮೀಗೊಂದು ಪಾನೀಯದ ಟೇಬಲ್. ಸಂಘಟಕರ ನೀರು ಎಲ್ಲರಿಗೂ ಇರುತ್ತೆ, ಅದರ ಜೊತೆಗೆ ಓಟಗಾರ್ತಿ ತನ್ನದೇ ಬಾಟಲ್ ಮುಂಚೆಯೇ ಒಪ್ಪಿಸಬಹುದು. ಒಂದು ದೇಶದಿಂದ ಒಂದು ಟೇಬಲ್‌ಗೆ ಒಮ್ಮೆಗೆ ಇಬ್ಬರಿಗಿಂತ ಹೆಚ್ಚು ನಿಲ್ಲುವ ಹಾಗಿಲ್ಲ. ಅವರು ಟೇಬಲ್ ಹಿಂದಿನಿಂದಲೋ, ಪಕ್ಕದಲ್ಲಿ ಒಂದು ಮೀಟರ್ ಒಳಗೆ ನಿಂತೋ ಕೊಡಬೇಕು, ಟೇಬಲ್ ಮುಂದೆ ನಿಲ್ಲುವ ಹಾಗಿಲ್ಲ. ರಸ್ತೆಗೆ ಇಳಿದು ಜೊತೆಗೆ ಓಡಬಾರದು. ಟೇಬಲ್ ಬಿಟ್ಟು ಬೇರೆ ಕಡೆ ತಗೊಂಡರೆ, ಇನ್ನೊಬ್ಬರ ಬಾಟಲ್ ಎತ್ತಿದರೆ ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಅನರ್ಹತೆ. ಹೊರಡುವಾಗಲೇ ಕೈಯಲ್ಲಿ ಹಿಡಿದುಕೊಂಡು ಹೋದದ್ದಕ್ಕೆ ತಕರಾರಿಲ್ಲ. ಟೇಬಲ್‌ನಿಂದ ಎತ್ತಿದ ನೀರನ್ನ ಪಕ್ಕದವಳಿಗೆ ಒಮ್ಮೆ ಕೊಟ್ಟರೂ ತಪ್ಪಿಲ್ಲ. ಉದ್ದಕ್ಕೂ ಒಬ್ಬಳು ಇನ್ನೊಬ್ಬಳಿಗೆ ಸರಬರಾಜು ಮಾಡ್ತಾ ಇದ್ದರೆ ಮಾತ್ರ ಅದು ಅಕ್ರಮ ಸಹಾಯ ಆಗುತ್ತೆ.

5ರಿಂದ 40ರವರೆಗೆ ಎಂಟು ಟೇಬಲ್. ಒಬ್ಬಳಿಗೆ ಎಂಟು ಬಾಟಲ್, ಮೂವರ ತಂಡಕ್ಕೆ ಇಪ್ಪತ್ನಾಲ್ಕು. 40ನೆಯದು ಹೊಟ್ಟೆಗಲ್ಲ, ಬಾಯಿ ಮುಕ್ಕಳಿಸೋಕೆ ಅಷ್ಟೇ. ಕೊನೇ ಹತ್ತು ನಿಮಿಷದಲ್ಲಿ ಕುಡಿದದ್ದು ಕಾಲಿಗೆ ಬರಲ್ಲ. ಹಾಗಾಗಿ ಲೆಕ್ಕ ಏಳು ಬಾಟಲ್‌ಗೆ.

3:25ರ ವೇಗದಲ್ಲಿ 5 ಕಿಮೀಗೆ 17 ನಿಮಿಷ, ಗಂಟೆಗೆ ಮೂರೂವರೆ ಬಾಟಲ್. ಒಂದರಲ್ಲಿ 150 ಮಿಲಿ ಸಾಕು. ಅದಕ್ಕಿಂತ ಹೆಚ್ಚು ತುಂಬಿದರೆ ತೂಕ ಜಾಸ್ತಿ, ಹಿಡಿ ಜಾರುತ್ತೆ, ಅರ್ಧ ಚೆಲ್ಲುತ್ತೆ. 150 ಮಿಲಿಯಲ್ಲಿ 18 ಗ್ರಾಂ ಸಕ್ಕರೆಯಂಶ ಇದ್ದರೆ ಗಂಟೆಗೆ 63 ಗ್ರಾಂ. 60 ದಾಟಿದ ಮೇಲೆ ಬರೀ ಗ್ಲೂಕೋಸ್ ಕರುಳಲ್ಲಿ ಸರತಿ ನಿಲ್ಲುತ್ತೆ, ಫ್ರಕ್ಟೋಸ್‌ಗೆ ಬೇರೆ ಬಾಗಿಲು. ಎರಡಕ್ಕೆ ಒಂದರ ಅಳತೆ ಸುಲಭವಾಗಿ ಬೇಕು ಅಂದರೆ 6 ಗ್ರಾಂ ಮಾಲ್ಟೊಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡಿದ, ಗ್ಲೂಕೋಸ್ ಆಗಿ ಒಡೆಯುವ ಪುಡಿ), 12 ಗ್ರಾಂ ಅಡುಗೆಮನೆ ಸಕ್ಕರೆ. ಸಕ್ಕರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಆಗಿ ಒಡೆಯೋದರಿಂದ ಒಟ್ಟು 12:6. ಮಾಲ್ಟೊಡೆಕ್ಸ್‌ಟ್ರಿನ್ ಬದಲು ಅಂಗಡಿಯ ಗ್ಲೂಕೋಸ್ ಪುಡಿ ಹಾಕಿದರೂ ಲೆಕ್ಕ ಕೂಡುತ್ತೆ, ಆದರೆ ದ್ರಾವಣ ಗಾಢವಾಗಿ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂರಬಹುದು. ಲೀಟರಿಗೆ 1 ಗ್ರಾಂ ಅಡುಗೆ ಉಪ್ಪು ಅಂದರೆ ಸುಮಾರು 390 ಮಿಲಿಗ್ರಾಂ ಸೋಡಿಯಂ. ಬಟ್ಟೆ ಮೇಲೆ ಬಿಳಿ ಗೆರೆ ಬಿಡುವವರಿಗೆ 1.5 ಗ್ರಾಂ.

ಓಆರ್‌ಎಸ್ ಪ್ಯಾಕೆಟ್ ಕಲಸಿ ಇದೇ ಸಾಕು ಅನ್ನೋ ಕೋಚ್‌ಗಳು ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ ಗ್ಲೂಕೋಸ್ ಇರೋದು 13.5 ಗ್ರಾಂ, ಅಂದರೆ 150 ಮಿಲಿಗೆ ಎರಡೇ ಗ್ರಾಂ. ಅದು ಭೇದಿಗೆ ಮದ್ದು, ಮ್ಯಾರಥಾನ್‌ಗೆ ಊಟ ಅಲ್ಲ.

ಈಗ ಬಾಟಲ್. ಹಿಂಡಿದರೆ ಬರುವ ಮೆತ್ತನೆ ಬಾಟಲ್, ಎಳೆದರೆ ತೆರೆಯುವ ಮುಚ್ಚಳ. ಒಪ್ಪಿಸುವಾಗ ಮುಚ್ಚಿರಬೇಕು, ಟೇಬಲ್ ಮೇಲಿಡುವಾಗ ತೆರೆದಿರಬೇಕು; ಈ ಕೆಲಸ ಮರೆತರೆ ಓಟಗಾರ್ತಿ ಹಲ್ಲಿಂದ ಎಳೀತಾ ಉಸಿರು ತಪ್ಪಿಸ್ಕೋತಾಳೆ. ದಪ್ಪ ತಂತಿಯನ್ನ ಕೊಡದ ಹಿಡಿಕೆ ಥರ ಬಾಗಿಸಿ, ಮೇಲೆ ಬಟ್ಟೆ ಟೇಪ್ ಸುತ್ತಿ, ನಾಲ್ಕು ಬೆರಳು ಸಲೀಸಾಗಿ ಹೋಗುವಷ್ಟು ಅಗಲ ಬಿಡಿ. ಓಡುವವಳಿಗೆ ಬಾಟಲ್ ಹಿಡಿಯೋಕಾಗಲ್ಲ, ಕೊಕ್ಕೆ ಹಾಕೋಕಾಗುತ್ತೆ. ಸೆಕೆಂಡಿಗೆ ಐದು ಮೀಟರ್ ವೇಗ ಅದು.

ಗುರುತು: ದೇಶ, ಬಿಬ್ (ಎದೆಗೆ ಅಂಟಿಸೋ ಚೀಟಿ) ಸಂಖ್ಯೆ, ಟೇಬಲ್‌ನ ಕಿಮೀ, ಮೂರೂ ಇರಬೇಕು. ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆದು ಮೇಲೆ ಪಾರದರ್ಶಕ ಟೇಪ್. ಒಬ್ಬಳಿಗೆ ಒಂದೇ ಬಣ್ಣ, ಎಂಟೂ ಬಾಟಲ್‌ಗೆ. 30 ಕಿಮೀ ದಾಟಿದ ಮೇಲೆ ಯಾರೂ ಅಕ್ಷರ ಓದಲ್ಲ, ಬಣ್ಣ ನೋಡ್ತಾರೆ. ಅಂದಹಾಗೆ, ಕೇಸರಿ-ಹಸಿರು ಹಾಕೋಣ ಅಂತ ದೇಶಾಭಿಮಾನ ತೋರಿಸೋ ಮುಂಚೆ ಪಕ್ಕದ ಟೇಬಲ್ ಯಾರದ್ದು ಅಂತ ನೋಡ್ಕೊಳ್ಳಿ. ಐರ್ಲೆಂಡ್‌ನವರ ಬಾವುಟವೂ ಅದೇ ಬಣ್ಣ, ಇಂಗ್ಲಿಷ್ ಅಕ್ಷರಮಾಲೆಯಲ್ಲೂ ಅವರು ನಮ್ಮ ಹತ್ತಿರದವರೇ. ಗುಲಾಬಿ ಬಣ್ಣದ ಪಾಮ್‌ಪಾಮ್ ಕಟ್ಟಿದರೆ ನಾಚಿಕೆ ಏನಿಲ್ಲ.

ಎಲ್ಲಕ್ಕಿಂತ ಹೆಚ್ಚು ಕೆಡೋದು ಇಲ್ಲಿ: ಬಾಟಲನ್ನ ಐಸ್‌ನಲ್ಲಿಟ್ಟು ಆಮೇಲೆ ಟೇಪ್ ಹಾಕ್ತಾರೆ. ತಣ್ಣನೆ ಬಾಟಲ್ ಮೈಮೇಲೆ ನೀರು ಕೂತಿರುತ್ತೆ, ಟೇಪ್ ಹಿಡಿಯಲ್ಲ, ಹಿಡಿ ಅವಳ ಕೈಗೆ ಬಂದು ಬಾಟಲ್ ಅಲ್ಲೇ ಉಳಿಯುತ್ತೆ. ಒಣ ಬಾಟಲ್‌ಗೆ ಟೇಪ್ ಮೊದಲು, ಐಸ್ ಆಮೇಲೆ. ಸಕ್ಕರೆಯಂಶದ ಜೆಲ್ ಪೊಟ್ಟಣ ಅಂಟಿಸುವುದಾದರೆ ಟೇಪಿನ ತುದಿ ಒಂದು ಬೆರಳಷ್ಟು ಮಡಚಿ ಬಿಡಿ, ಇಲ್ಲದಿದ್ದರೆ ಕಿತ್ತುಕೊಳ್ಳೋಕೆ ಉಗುರು ಸಿಗಲ್ಲ.

ಬಾಟಲ್ ಎತ್ತುವಾಗ ಗುಂಪಿನ ಹೊರಬದಿಗೆ 50 ಮೀಟರ್ ಮುಂಚೆಯೇ ಸರಿದಿರಬೇಕು. ಕೈ ಮುಂದೆ ಚಾಚಿ ತಾಗಿಸಿ, ತಾಗಿದ ಕ್ಷಣ ಕೈಯನ್ನ ಹಿಂದಕ್ಕೆ ಬಿಡಬೇಕು, ಕ್ರಿಕೆಟ್ ಚೆಂಡು ಹಿಡಿದ ಹಾಗೆ. ಗಟ್ಟಿಯಾಗಿ ಹೊಡೆದರೆ ಬಾಟಲ್ ಮೂರು ದೇಶದ ಬಾಟಲ್‌ಗಳನ್ನ ಉರುಳಿಸಿ ಹೋಗುತ್ತೆ. ಕಂಠೀರವದ ಟ್ರ್ಯಾಕೇ ಬೇಕಿಲ್ಲ. ಮನೆ ಮುಂದಿನ ರಸ್ತೆಯಲ್ಲಿ ಒಂದು ಸ್ಟೂಲ್, ಐದು ಬಾಟಲ್, ಓಟದ ವೇಗದಲ್ಲಿ ವಾರಕ್ಕೆ ಹತ್ತು ಸಲ. ತಪ್ಪಿಹೋದರೆ ವಾಪಸ್ ಬರಬಾರದು. ಸಂಘಟಕರ ನೀರು ಎತ್ತಿಕೊಂಡು ಮುಂದೆ ಹೋಗಬೇಕು, ಅದಕ್ಕೇ ಒಂದು ಜೆಲ್ ಚಡ್ಡಿಯ ಜೇಬಲ್ಲಿರಲಿ.

ನಮ್ಮವರಿಗೆ ಇದರ ಪಾಠ ಆದದ್ದು 2016ರ ರಿಯೋದಲ್ಲಿ. ಒ.ಪಿ. ಜೈಶಾ 2015ರಲ್ಲಿ ಬೀಜಿಂಗ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2:34:43 ಓಡಿ ರಾಷ್ಟ್ರೀಯ ದಾಖಲೆ ಮಾಡಿ 18ನೆಯವರಾಗಿದ್ದರು. ರಿಯೋದಲ್ಲಿ 2:47:19, 89ನೇ ಸ್ಥಾನ, ಗುರಿ ಮುಟ್ಟಿ ಕುಸಿದರು. ಭಾರತದ ಟೇಬಲ್‌ನಲ್ಲಿ ತಮಗೆ ಏನೂ ಇರಲಿಲ್ಲ ಅಂತ ಅವರು ಹೇಳಿದರು. ಸ್ವಂತ ಪಾನೀಯ ಬೇಡ ಅಂದಿದ್ದರು ಅಂತ ಭಾರತದ ಅಥ್ಲೆಟಿಕ್ಸ್ ಫೆಡರೇಷನ್ ಹೇಳಿತು. ಯಾರ ಮಾತು ಸರಿ ಅನ್ನೋ ಜಗಳ ಇಲ್ಲಿ ಬೇಡ. ಕೆಲಸಕ್ಕೆ ಬರೋ ಮಾತು ಇಷ್ಟು: ಬೇಕು ಅಂದರೂ ಬೇಡ ಅಂದರೂ ಹಿಂದಿನ ದಿನವೇ ಕಾಗದದಲ್ಲಿ, ಓಟಗಾರ್ತಿಯ ಸಹಿಯೊಂದಿಗೆ ಇರಲಿ. ಬೇಡ ಅಂದರೂ ಟೇಬಲ್‌ಗೆ ಒಬ್ಬರು ನೀರು ಹಿಡಿದು ನಿಲ್ಲಲಿ.

---

ಒಡೆದ ಸ್ಟಾಪ್‌ವಾಚ್:

ಚೆನ್ನಾಗಿ ಹೇಳಿದ್ರಿ. ಒಂದು ಸೇರಿಕೆ, ತಲೆಗೆ ಸುರ್ಕೊಳ್ಳೋ ನೀರಿನ ಬಗ್ಗೆ. ದೋಹಾದಂಥ ಗಾಳಿಯಲ್ಲಿ ಮೈ ಆಗಲೇ ಬೆವರಿಂದ ತೊಯ್ದಿರುತ್ತೆ. ಮೇಲೆ ನೀರು ಸುರಿದರೆ ಆವಿಯಾಗೋದು ಹೆಚ್ಚಲ್ಲ, ಶೂ ಮಾತ್ರ ತುಂಬುತ್ತೆ. ಒದ್ದೆ ಶೂ ಭಾರ, ಬೊಬ್ಬೆ ಬೇರೆ. ಸುರಿಯಲೇಬೇಕು ಅಂದರೆ ಮುಂದಕ್ಕೆ ಬಾಗಿ ಕತ್ತಿನ ಮೇಲೆ. ಐಸ್‌ನ ಲೆಕ್ಕ ಬೇರೆ: 200 ಗ್ರಾಂ ಐಸ್ ಕರಗಿ ಮೈಬಿಸಿಗೆ ಬರೋ ಹೊತ್ತಿಗೆ ಸುಮಾರು 96 ಕಿಲೋಜೌಲ್ ಹೀರುತ್ತೆ, ಅಂದರೆ ಆ 800 ವಾಟ್ ಇಸ್ತ್ರಿಪೆಟ್ಟಿಗೆಯ ಎರಡು ನಿಮಿಷದ ಶಾಖ. ಪ್ರತಿ ಟೇಬಲ್‌ನಲ್ಲೂ ಟೋಪಿಯೊಳಗೋ ಕತ್ತಿನ ಪಟ್ಟಿಯೊಳಗೋ ಐಸ್ ಸಿಕ್ಕರೆ 17 ನಿಮಿಷದಲ್ಲಿ ಎರಡು ನಿಮಿಷ ಪುಕ್ಕಟೆ.

---

ಬನಶಂಕರಿ ಫಿಸಿಯೋ ಉತ್ತರ:

ಮೂರನೇ ಪ್ರಶ್ನೆಗೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಅದರಿಂದ ರಕ್ತಕ್ಕೆ ದೊಡ್ಡ ಲಾಭವಿಲ್ಲ, ಆದರೆ ಬೆಳಗಿನ ತಂಪಿನಿಂದ ಸೆಖೆಯ ಅಭ್ಯಾಸ ಮಾತ್ರ ಪೂರ್ತಿ ತಪ್ಪಿಹೋಗುತ್ತೆ. ಒಳ್ಳೇದು ಕೊಟ್ಟು ಕೆಟ್ಟದ್ದು ಕಲಿಸಿದ ಊರು!

ಸೆಖೆಗೆ ಮೈ ಒಗ್ಗೋಕೆ 10ರಿಂದ 14 ದಿನ ಬೇಕು. ಮೊದಲ ವಾರದಲ್ಲೇ ರಕ್ತದ ನೀರಿನಂಶ ಹೆಚ್ಚಿ ಅದೇ ವೇಗಕ್ಕೆ ನಾಡಿ ಇಳಿಯುತ್ತೆ. ಬೆವರು ಬೇಗ ಶುರುವಾಗೋದು, ಹೆಚ್ಚು ಬರೋದು, ಅದರಲ್ಲಿ ಉಪ್ಪು ಕಡಿಮೆಯಾಗೋದು ಎರಡನೇ ವಾರದ ಕೆಲಸ. ನಿಂತರೆ ಎರಡು ಮೂರು ವಾರದಲ್ಲಿ ಬಹುಪಾಲು ಹೋಗಿಬಿಡುತ್ತೆ, ಹಾಗಾಗಿ ಆರು ತಿಂಗಳು ಮುಂಚೆ ಕರಾವಳಿಗೆ ಹೋಗಿ ಬಂದೆ ಅಂದರೆ ಲೆಕ್ಕಕ್ಕಿಲ್ಲ.

ಉತ್ತಮ ದಾರಿ, ಓಟಕ್ಕೆ ಮುಂಚಿನ ಎರಡು ವಾರ ಮಂಗಳೂರು ಅಥವಾ ಚೆನ್ನೈ. ಮೊದಲ ಐದು ದಿನ ವೇಗದ ಓಟ ಬೇಡ, ನಾಡಿ ನೋಡಿ 60ರಿಂದ 90 ನಿಮಿಷ. ಗಡಿಯಾರ ನಿಧಾನ ತೋರಿಸಿದರೆ ಹುಡುಗಿಯರು ಗಾಬರಿಯಾಗಿ ಹಳೇ ವೇಗ ಹಿಡಿಯೋಕೆ ಹೋಗ್ತಾರೆ, ಶಿಬಿರ ಅಲ್ಲೇ ಕೆಡೋದು. ವೇಗದ ಅಭ್ಯಾಸವನ್ನ ಮುಂಜಾನೆಗೆ ಇಟ್ಟು, ಸೆಖೆಯ ಅಭ್ಯಾಸವನ್ನ ಸಂಜೆಗೆ ಇಡಿ.

ಊರು ಬಿಡೋಕೆ ಆಗದಿದ್ದರೆ ಮಧ್ಯಾಹ್ನ ಮೂರಕ್ಕೆ ಓಡಿಸಿ ಅಂತ ಎಲ್ಲರೂ ಹೇಳ್ತಾರೆ. ನಮ್ಮ ಮಾರ್ಚ್-ಏಪ್ರಿಲ್ ಮಧ್ಯಾಹ್ನದ ಬಿಸಿಲು ಒಣ ಬಿಸಿಲು. ಬೆವರು ಆವಿಯಾಗುತ್ತೆ, ಒಳಗಿನ ಉಷ್ಣತೆ ಅಂದುಕೊಂಡಷ್ಟು ಏರಲ್ಲ. ಅದರ ಮೇಲೊಂದು ಗಾಳಿಯಾಡದ ಜಾಕೆಟ್ ಹಾಕಿಸಿದರೆ ಚರ್ಮದ ಪಕ್ಕದಲ್ಲೇ ಸಣ್ಣ ದೋಹಾ ಆಗುತ್ತೆ. 40-50 ನಿಮಿಷ, ಸಲೀಸು ವೇಗ, ಒಬ್ಬಳೇ ಅಲ್ಲ. ಇನ್ನೊಂದು, ಓಟ ಮುಗಿದ ತಕ್ಷಣ 40 ಡಿಗ್ರಿ ಬಿಸಿನೀರಲ್ಲಿ ಕತ್ತಿನವರೆಗೆ ಕೂರೋದು. 20 ನಿಮಿಷದಿಂದ ಶುರುಮಾಡಿ 40ರವರೆಗೆ, ಆರು ದಿನ ಸತತ. ಸ್ನಾನದ ಟಬ್ ಇಲ್ಲದ ಮನೆಯಲ್ಲಿ 200 ಲೀಟರಿನ ನೀಲಿ ಡ್ರಮ್ ಆಗುತ್ತೆ. ಆದರೆ 25 ಲೀಟರ್ ಗೀಸರ್‌ನ 65 ಡಿಗ್ರಿ ನೀರಿಗೆ ತಣ್ಣೀರು ಬೆರೆಸಿದರೆ 40 ಡಿಗ್ರಿಯದು ಬರೋದು 60 ಲೀಟರ್ ಮಾತ್ರ. ಎರಡು ಮೂರು ಸಲ ಕಾಯಿಸಬೇಕು, ಅಷ್ಟರಲ್ಲಿ ಮೊದಲನೆಯದು ಆರಿರುತ್ತೆ. ಸೌದೆ ಹಂಡೆ ಇರೋ ಮನೆಯವರೇ ಪುಣ್ಯವಂತರು. ಏಳುವಾಗ ರಕ್ತದೊತ್ತಡ ಇಳಿದು ತಲೆ ಸುತ್ತುತ್ತೆ, ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಬೆವರಿನ ಲೆಕ್ಕ ಹೀಗೆ ತೆಗೀರಿ. ಮೂತ್ರಕ್ಕೆ ಹೋಗಿ ಬಂದು ಬಟ್ಟೆಯಿಲ್ಲದೆ ತೂಕ, ಒಂದು ಗಂಟೆ ಓಟದ ವೇಗ, ಮೈ ಒರೆಸಿಕೊಂಡು ಮತ್ತೆ ತೂಕ. 54.0 ಇದ್ದದ್ದು 53.1 ಆಗಿ, ನಡುವೆ 300 ಮಿಲಿ ಕುಡಿದಿದ್ದರೆ ಗಂಟೆಗೆ 1.2 ಲೀಟರ್. ಬೆಂಗಳೂರಿನ ಬೆಳಿಗ್ಗೆ ಒಮ್ಮೆ, ಶಿಬಿರದ ಊರಲ್ಲಿ ಒಮ್ಮೆ. ಕಳಕೊಂಡದ್ದನ್ನೆಲ್ಲ ಓಡ್ತಾ ತುಂಬೋಕೆ ಆಗಲ್ಲ, ಹೋಗಲೂಬಾರದು. ಐದು ಗಂಟೆ ಓಡುವ ಹವ್ಯಾಸಿಗಳು ಪ್ರತಿ ಟೇಬಲ್‌ನಲ್ಲೂ ನೀರು ಕುಡಿದು ರಕ್ತದ ಸೋಡಿಯಂ ಇಳಿಸಿಕೊಂಡು ಆಸ್ಪತ್ರೆ ಸೇರ್ತಾರೆ. ಓಟದ ನಂತರ ತೂಕ ಹೆಚ್ಚಿದ್ದರೆ ಅದೇ ಸೂಚನೆ.

ಹೊರಡುವ ಅರ್ಧ ಗಂಟೆ ಮುಂಚೆ ಪಾನೀಯದ ಜೊತೆ ಅರೆದ ಐಸ್, ಕಿಲೋ ತೂಕಕ್ಕೆ 7 ಗ್ರಾಂ, 50 ಕಿಲೋದವಳಿಗೆ 350 ಗ್ರಾಂ. ಕುಡಿಯೋ ನೀರಿನದ್ದೇ ಐಸ್, ಕಬ್ಬಿನ ಹಾಲಿನ ಗಾಡಿಯ ಗೋಣಿಚೀಲದ್ದಲ್ಲ. ಇದನ್ನೂ ಮನೆಯಲ್ಲಿ ಎರಡು ಸಲ ಪ್ರಯೋಗ ಮಾಡಿರಬೇಕು, ಕೆಲವರಿಗೆ ಹೊಟ್ಟೆ ನುಲಿಯುತ್ತೆ.

ಮಹಿಳಾ ಓಟ ಅಂದ ಮೇಲೆ ಇದನ್ನ ಬಿಡೋಹಾಗಿಲ್ಲ: ಮುಟ್ಟಿನ ಚಕ್ರದ ಎರಡನೇ ಅರ್ಧದಲ್ಲಿ ವಿಶ್ರಾಂತಿಯ ಮೈಬಿಸಿ 0.3ರಿಂದ 0.5 ಡಿಗ್ರಿ ಹೆಚ್ಚಿರುತ್ತೆ. ಸೆಖೆಗೆ ಚೆನ್ನಾಗಿ ಒಗ್ಗಿದವರಲ್ಲಿ ಓಟದ ಫಲಿತಾಂಶಕ್ಕೆ ಇದರಿಂದ ದೊಡ್ಡ ಪೆಟ್ಟಿಲ್ಲ, ಆದರೆ ಶಿಬಿರದಲ್ಲಿ ನಾಡಿ, ತೂಕದ ಅಂಕಿಗಳನ್ನ ಹೋಲಿಸುವಾಗ ದಾರಿ ತಪ್ಪಿಸುತ್ತೆ. ತಾರೀಖು ಡೈರಿಯಲ್ಲಿರಲಿ. ಕೋಚ್ ಕೇಳೋಕೆ ಸಂಕೋಚಪಟ್ಟರೆ ಬರೆದುಕೊಳ್ಳೋ ಕೆಲಸ ತಂಡದ ಹಿರಿಯ ಅಕ್ಕ ಯಾರಾದರೂ ಮಾಡಲಿ. ಮೂರು ತಿಂಗಳು ಮುಟ್ಟು ನಿಂತಿದ್ದರೆ ಅದು ಕಠಿಣ ತರಬೇತಿಯ ಬಿರುದಲ್ಲ, ಊಟ ಸಾಲ್ತಿಲ್ಲ ಅಂತ ಅರ್ಥ. ಸೆಖೆಯ ಶಿಬಿರ ಆಮೇಲೆ, ವೈದ್ಯರು ಮೊದಲು.

---

ತಿಂಡಿಗ್ಮುಂಚೆ ಹತ್ತು ಕಿಮೀ:

ಮೇಡಂ, ಒಂದೇ ಕೊನೇ ಪ್ರಶ್ನೆ. 1984ರ ಲಾಸ್ ಏಂಜಲೀಸ್‌ನ ಆ ದೃಶ್ಯ, ಸ್ವಿಟ್ಜರ್‌ಲೆಂಡ್‌ನ ಗೇಬ್ರಿಯೆಲಾ ಆಂಡರ್ಸನ್-ಶೀಸ್ ತೂರಾಡ್ತಾ ಬರೋದು. ಬೆವರು ಬರ್ತಿದೆ ಅಂತ ವೈದ್ಯರು ತಡೀಲಿಲ್ಲ ಅಂತಾರೆ. ಅದು ಸರಿಯಾದ ಪರೀಕ್ಷೆಯೇ?

---

ಬನಶಂಕರಿ ಫಿಸಿಯೋ:

ಅಂದಿನ ತಿಳಿವಳಿಕೆ ಅದು. ಮಹಿಳೆಯರಿಗೆ ಮೊದಲ ಒಲಿಂಪಿಕ್ ಮ್ಯಾರಥಾನ್, ಕೊನೆಯ ನೀರಿನ ಟೇಬಲ್ ತಪ್ಪಿಹೋಗಿತ್ತು, ಕೊನೇ ಸುತ್ತಿಗೇ 5 ನಿಮಿಷ 44 ಸೆಕೆಂಡ್ ಹಿಡಿದು 2:48:42ಕ್ಕೆ 37ನೆಯವರಾಗಿ ಮುಟ್ಟಿದರು. ಚೇತರಿಸಿಕೊಂಡರು ಅನ್ನೋದು ಪುಣ್ಯ. ಇವತ್ತು ಬೆವರನ್ನ ಪರೀಕ್ಷೆ ಅಂತ ಯಾರೂ ಒಪ್ಪಲ್ಲ. ಓಟದಿಂದ ಬರುವ ಶಾಖಾಘಾತದಲ್ಲಿ ಮೈ ತೊಯ್ದೇ ಇರುತ್ತೆ. ಒಣ ಚರ್ಮದ ಲಕ್ಷಣ ಬಿಸಿಲಿಗೆ ಕೂತ ವೃದ್ಧರದ್ದು.

ನೋಡಬೇಕಾದ್ದು ಎರಡೇ. ಮಾತು ತಪ್ಪಿದೆಯಾ: ಬಿಬ್ ಸಂಖ್ಯೆ ಕೇಳಿ, ಎಷ್ಟನೇ ಕಿಮೀ ಅಂತ ಕೇಳಿ. ಗುದದ್ವಾರದ ಥರ್ಮಾಮೀಟರ್ 40 ದಾಟಿದೆಯಾ. ಹಣೆಗೆ, ಕಿವಿಗೆ, ಕಂಕುಳಿಗೆ ಇಡೋ ಥರ್ಮಾಮೀಟರ್ ಓಡಿ ಬಂದವರಲ್ಲಿ ಕಡಿಮೆ ತೋರಿಸಿ ಮೋಸ ಮಾಡುತ್ತೆ. ಎರಡೂ ಇದ್ದರೆ ಮೊದಲು ತಣ್ಣಗೆ ಮಾಡಿ, ಆಮೇಲೆ ಆಂಬುಲೆನ್ಸ್ ಹತ್ತಿಸಿ. ದೊಡ್ಡ ಟಬ್‌ನಲ್ಲಿ ಐಸ್ ಹಾಕಿದ ನೀರು, ಕತ್ತಿನವರೆಗೆ ಮುಳುಗಿಸಿ, ಕಂಕುಳ ಕೆಳಗೆ ಬಟ್ಟೆ ಹಾಯಿಸಿ ಒಬ್ಬರು ತಲೆ ಮೇಲಿರೋ ಹಾಗೆ ಹಿಡಿದಿರಬೇಕು, ಇನ್ನೊಬ್ಬರು ನೀರು ಕಲಕ್ತಾ ಇರಬೇಕು. ಕಲಕದಿದ್ದರೆ ಮೈ ಪಕ್ಕದ ನೀರೇ ಬೆಚ್ಚಗಾಗಿ ನಿಲ್ಲುತ್ತೆ. ನಿಮಿಷಕ್ಕೆ ಸುಮಾರು 0.2 ಡಿಗ್ರಿ ಇಳಿಯುತ್ತೆ, 41.5ರಿಂದ 39ಕ್ಕೆ ಹನ್ನೆರಡು ನಿಮಿಷ. 39ಕ್ಕೆ ಹೊರತೆಗೀರಿ, ಇಲ್ಲದಿದ್ದರೆ ವಿಪರೀತ ತಣ್ಣಗಾಗುತ್ತೆ. ಬಡಾವಣೆ ಮಟ್ಟದ ಓಟಕ್ಕೆ ಟಬ್ ಸಿಗದಿದ್ದರೆ ಹತ್ತಡಿ ಟಾರ್ಪಾಲ್ ಸಾಕು: ನಡುವೆ ಮಲಗಿಸಿ, ನಾಲ್ಕು ಜನ ಅಂಚು ಎತ್ತಿ ತೊಟ್ಟಿಲು ಮಾಡಿ, ನಾಲ್ಕೈದು ಬಿಂದಿಗೆ ನೀರು, ಎರಡು ಮೂಟೆ ಐಸ್. ಟಾರ್ಪಾಲನ್ನ ಗುರಿಯ ಗೆರೆ ದಾಟಿ ಐವತ್ತು ಹೆಜ್ಜೆಯೊಳಗೆ ಇಡಿ, ಐಸನ್ನ ಓಟ ಶುರುವಾದ ಮೇಲೆ ತರಿಸಿ. ಮುಂಚೆ ತಂದಿಟ್ಟರೆ ಸ್ವಯಂಸೇವಕರ ಜ್ಯೂಸ್‌ಗೇ ಮುಗಿದಿರುತ್ತೆ.